ಅಮ್ಮನ ಮೂಗಿಗೆ ಪಚ್ಚೆತೆನೆ

ಅಮ್ಮನಿಗೆ ಜ್ವರ ಬಿಟ್ಟ ಹನ್ನೊಂದನೆಯ ದಿನ ನಾನು ಹೊಸ ನೋಟ್‌ಬುಕ್ ತೆರೆದೆ. ಜ್ವರವೇನೋ ಹೋಯಿತು, ಆದರೆ ಅದರ ಜೊತೆಗೇ ಅವಳಿಗೆ ವಾಸನೆ ತಿಳಿಯುವುದೂ ನಿಂತುಹೋಗಿತ್ತು. ಡೊಂಬಿವಲಿಯ ನಮ್ಮ ಕಟ್ಟಡದ ಏಳು ಮನೆಗಳಿಗೆ ಅವಳು ಮಧ್ಯಾಹ್ನದ ಊಟದ ಡಬ್ಬ ಕೊಡುತ್ತಿದ್ದಳು. ಅಪ್ಪ ನೆರೂಳಿನ ಒಂದು ಹೋಟೆಲಿನ ಗಲ್ಲಾದಲ್ಲಿ, ನಾನು ವಾಗ್ಳೆ ಎಸ್ಟೇಟಿನ ಒಂದು ಕಾರ್ಖಾನೆಯ ಕ್ವಾಲಿಟಿ ವಿಭಾಗದಲ್ಲಿ. ನನ್ನ ಟಿಫಿನ್ ಬೆಳಗ್ಗೆ ನನ್ನೆದುರೇ ಆಗುತ್ತಿತ್ತು. ಡಬ್ಬದ ಅಡುಗೆ ನಾವಿಬ್ಬರೂ ಹೋದ ಮೇಲೆ, ಅವಳೊಬ್ಬಳೇ ಇರುವಾಗ. ದೀಪಾವಳಿಯೊಳಗೆ ಮೂಗು ಸರಿಯಾಗದಿದ್ದರೆ ಗ್ಯಾಸ್ ಬಂದ್, ಡಬ್ಬವೂ ಬಂದ್ ಎಂದು ಅಪ್ಪ ಹೇಳಿಬಿಟ್ಟರು.

"ಡಬ್ಬ ಬಿಟ್ಟು ನಾನು ಎಂತ ಮಾಡುದು? ಗೋಡೆ ನೋಡಿಕೊಂಡು ಕೂತ್ಕೊಳ್ಳುದಾ?" ಎಂದಳು ಅಮ್ಮ.

ಗೊತ್ತಿರುವ ವಾಸನೆಗಳನ್ನು ದಿನಕ್ಕೆರಡು ಸಲ ಮೂಸಿ ಅಭ್ಯಾಸ ಮಾಡಿ ಎಂದಿದ್ದರು ಮೂಗಿನ ಡಾಕ್ಟರು. ಯಾವುದು ಚೆನ್ನಾಗಿ ನೆನಪಿದೆ ಎಂದು ಕೇಳಿದೆ. ಅವಳು ಯೋಚಿಸದೆ ಪಚ್ಚೆತೆನೆ ಎಂದಳು. ಉಡುಪಿಯಲ್ಲಿ ಶಾಲೆಗೆ ಹೋಗುವಾಗ ಮಲ್ಲಿಗೆಯ ನಡುವೆ ಅದರ ಕುಡಿ ಸೇರಿಸಿ ಮುಡಿಯುತ್ತಿದ್ದಳಂತೆ. ಇಲ್ಲೇ ಹುಟ್ಟಿ ಬೆಳೆದ ನಾನು ಆ ಎಲೆಯನ್ನು ಕಂಡೇ ಇರಲಿಲ್ಲ. ಮರಾಠಿಯಲ್ಲಿ ಅದಕ್ಕೆ ಪಾಚ್ ಎನ್ನುತ್ತಾರೆ ಎಂದು ಎದುರು ಮನೆಯ ಕಾಕು ಹೇಳಿಕೊಟ್ಟರು. ಭಾನುವಾರ ಕಲ್ಯಾಣ್‌ನ ಹೂವಿನ ಮಾರುಕಟ್ಟೆಗೆ ಹೋದೆ.

"ಪಾಚ್ ಆಹೇ ಕಾ?"

"ಪಾಚ್ ಕಾಯ್? ಕಿಲೋ ಕೀ ಜುಡೀ?"

ಮರಾಠಿಯಲ್ಲಿ ಐದಕ್ಕೂ ಪಾಚ್ ಎಂದೇ ಹೇಳುತ್ತಾರೆ; ಐದು ಕಿಲೋನಾ, ಐದು ಕಟ್ಟಾ ಎಂದು ಹೂವಿನವನ ಪ್ರಶ್ನೆ. ನಾನು ಪಾಚ್ ಪಾಚ್ ಎನ್ನುತ್ತಲೇ ಹೋದೆ. ಅವನು ಐದು ಕಟ್ಟು ಮರುಗ ಕೈಗಿಟ್ಟ. ಅದನ್ನೇ ಪಚ್ಚೆತೆನೆ ಎಂದುಕೊಂಡು ಮನೆಗೆ ತಂದೆ.

"ಮೂಗು ಹೋದದ್ದು ನಂದಾ ನಿಂದಾ ಮಾರಾಯ್ತಿ?" ಎಂದು ಅಮ್ಮ ನಕ್ಕಳು. ಜ್ವರದ ನಂತರ ಅವಳು ನಕ್ಕದ್ದು ಅದೇ ಮೊದಲು. ಹಾಗೆಂದು ಬರೆದಿಟ್ಟಿದ್ದೇನೆ.

ಕೊನೆಗೆ ಕಾಕುವೇ ತವರಿನಿಂದ ಪಚ್ಚೆತೆನೆಯ ಮೂರು ಕಡ್ಡಿ ತಂದುಕೊಟ್ಟರು. ಹಳೆಯ ಪೇಂಟ್ ಬಕೆಟ್ಟಿಗೆ ತೂತು ಕೊರೆದು ನೆಟ್ಟು, ಕಿಟಕಿಯ ಗ್ರಿಲ್‌ನೊಳಗೆ ಇಟ್ಟೆವು. ಒಂದು ಕೊಳೆಯಿತು. ಉಳಿದೆರಡು ನೆಟ್ಟ ಇಪ್ಪತ್ತಮೂರನೆಯ ದಿನ ಚಿಗುರಿದವು. ಮಧ್ಯಾಹ್ನದ ಬಿಸಿಲಿಗೆ ಎಲೆಗಳೆಲ್ಲ ಜೋತುಬೀಳುತ್ತಿದ್ದವು. ಗೋಣಿ ಕಟ್ಟಿ ನೆರಳು ಮಾಡಿ, ಸಂಜೆ ನೀರು ಹಾಕಿದರೆ ಮತ್ತೆ ಎದ್ದು ನಿಲ್ಲುತ್ತಿದ್ದವು. ಹನಿ ಕೆಳಗಿನ ಮನೆಯವರ ಒಣಹಾಕಿದ ಬಟ್ಟೆಯ ಮೇಲೆ ಬೀಳುತ್ತಿತ್ತು. "ಓ ಊಪರ್‌ವಾಲೇ, ಬಾರಿಶ್ ಖತಂ ಹೋ ಗಯೀ ಹೈ!" ಎಂದು, ಮಳೆ ಮುಗಿದ ಮೇಲೂ ಇದೇನು ಹನಿ ಎಂಬಂತೆ, ಅವರು ಕೂಗುತ್ತಿದ್ದರು.

ಗಿಡ ತುಂಬಿಕೊಂಡ ಮೇಲೆ ಪರೀಕ್ಷೆ ಶುರುಮಾಡಿದೆ. ಬೆಳಗ್ಗೆ ನಾಲ್ಕು ಎಲೆ, ಸಂಜೆ ನಾಲ್ಕು: ಪಚ್ಚೆತೆನೆ, ತುಳಸಿ, ಕರಿಬೇವು, ನಿಂಬೆ. ಅಮ್ಮನ ಕಣ್ಣಿಗೆ ನನ್ನ ದುಪಟ್ಟಾ. ಪಚ್ಚೆತೆನೆಯ ಹಸಿ ಎಲೆ ತಿಕ್ಕದಿದ್ದರೆ ಪರಿಮಳ ಬಿಡುವುದಿಲ್ಲ, ಆದ್ದರಿಂದ ಎಲ್ಲ ಎಲೆಗಳನ್ನೂ ಅವಳ ಕೈಗೇ ಕೊಡುತ್ತಿದ್ದೆ. ಮೊದಲ ವಾರ ಐವತ್ತಾರರಲ್ಲಿ ಹದಿನೈದು ಸರಿ. ಅಷ್ಟು ಕುರುಡು ಊಹೆಗೂ ಸಿಗುತ್ತದೆ. ಎರಡನೆಯ ವಾರ ಇಪ್ಪತ್ತಮೂರು, ನಾಲ್ಕನೆಯ ವಾರ ನಲವತ್ತೇಳು. ಅಪ್ಪನಿಗೆ ಪುಟ ತೋರಿಸಿದೆ. ಅವರು ಎರಡು ಸಲ ನೋಡಿ, "ಸರಿ, ಹಾಗಾದ್ರೆ ಗ್ಯಾಸ್ ಇರಲಿ" ಎಂದರು.

ಮೂರನೆಯ ವಾರದ ಒಂದು ಬೆಳಗ್ಗೆ ಅಮ್ಮನ ಹೆಬ್ಬೆರಳು ಎಲೆಯ ಮೇಲೆ ಹರಿದಾಡಿದ್ದನ್ನು ನಾನು ಕಂಡಿದ್ದೆ. ಪಚ್ಚೆತೆನೆಯ ಎಲೆ ದಪ್ಪ, ಮೈತುಂಬ ಮಖಮಲ್ಲಿನಂಥ ರೋಮ. ಎಲೆ ಮೂಗಿನ ಹತ್ತಿರ ಬರುವ ಮೊದಲೇ ಅವಳು ಹೆಸರು ಹೇಳಿದ್ದಳು. ನನ್ನ ಪೆನ್ನು ನಿಂತಿತು. ಆಮೇಲೆ 'ಸರಿ' ಎಂದು ಬರೆದೆ. ಹೆಬ್ಬೆರಳಿನ ಸಂಗತಿ ಬರೆಯಲಿಲ್ಲ. ಕಾರ್ಖಾನೆಯಲ್ಲಾಗಿದ್ದರೆ ಆ ಇಡೀ ಪುಟವನ್ನು ರದ್ದು ಮಾಡುತ್ತಿದ್ದೆ.

ದಸರೆ ಕಳೆದ ಮೊದಲ ಗುರುವಾರ ಸಂಜೆ, ಒಲೆಯ ಮೇಲಿಟ್ಟ ಹಾಲು ಉಕ್ಕಿ ಉರಿ ನಂದಿತು. ಅಮ್ಮ ಹೊರಗಿನ ಕೋಣೆಯಲ್ಲಿ ಬೀನ್ಸ್ ಹೆಚ್ಚುತ್ತಿದ್ದಳು. ಗ್ಯಾಸ್ ಮನೆಯೆಲ್ಲ ತುಂಬಿದ್ದು ಅವಳಿಗೆ ತಿಳಿಯಲಿಲ್ಲ. ದೇವರಿಗೆ ದೀಪ ಹಚ್ಚಲು ಎದ್ದು ಕಡ್ಡಿಪೆಟ್ಟಿಗೆ ತೆರೆದಿದ್ದಳು. ಮೆಟ್ಟಿಲು ಹತ್ತಿ ಬರುತ್ತಿದ್ದ ಕಾಕುವಿಗೆ ವಾಸನೆ ಬಡಿಯಿತು. ಬಾಗಿಲು ಗುದ್ದುತ್ತ, "ವಹಿನೀ, ಕಾಡೀ ಲಾವೂ ನಕಾ! ಗ್ಯಾಸ್! ಗ್ಯಾಸ್!" ಎಂದು ಕಡ್ಡಿ ಗೀರದಂತೆ ಕಿರುಚಿಕೊಂಡರಂತೆ. ಅಮ್ಮ ಕಡ್ಡಿ ಗೀರಲಿಲ್ಲ. ನಾನು ಮನೆಗೆ ಬಂದಾಗ ಕಿಟಕಿಗಳೆಲ್ಲ ತೆರೆದಿದ್ದವು, ಅವಳು ಕಡ್ಡಿಪೆಟ್ಟಿಗೆಯನ್ನು ಇನ್ನೂ ಕೈಯಲ್ಲೇ ಹಿಡಿದಿದ್ದಳು.

ಮರುದಿನ ಬೆಳಗ್ಗೆ ನಾಲ್ಕೂ ಎಲೆಗಳನ್ನು ಜಜ್ಜಿ ಬೇರೆ ಬೇರೆ ಬಟ್ಟೆಯ ಗಂಟು ಕಟ್ಟಿದೆ. ಗಂಟು ನನ್ನ ಕೈಯಲ್ಲೇ ಇತ್ತು, ಒಂದೊಂದನ್ನೂ ಎರಡು ಸಲ ಅವಳು ಮೂಸಿದಳಷ್ಟೆ. ಎಂಟರಲ್ಲಿ ಒಂದು ಸರಿ.

"ಅದೂ ಅಂದಾಜು. ಬರೀಬೇಡ," ಎಂದಳು.

"ಮೊದಲೇ ಯಾಕೆ ಹೇಳ್ಲಿಲ್ಲ ಅಮ್ಮ? ಏನಾದ್ರೂ ಹೋ ಜಾತಾ ತೋ?"

"ನೀನು ಹೇಳಿದ್ಯಾ? ಅವತ್ತು ನಿನ್ನ ಪೆನ್ನು ನಿಂತದ್ದು ನಂಗೆ ಕೇಳಿತ್ತು."

ಅಪ್ಪನಿಗೆ ಎಲ್ಲವನ್ನೂ ಹೇಳಿದೆ, ಹೆಬ್ಬೆರಳನ್ನೂ ಸೇರಿಸಿ. ಅವರು ಬೈಯಲಿಲ್ಲ. ಶನಿವಾರ ಗ್ಯಾಸ್ ಒಲೆ ತೆಗೆಸಿ, ಒಂದು ಸಣ್ಣ ಕರೆಂಟಿನ ಒಲೆ ತಂದಿಟ್ಟರು. ಮೂರು ಜನರ ಅಡುಗೆಗೆ ಅದು ಸಾಕಾಗುತ್ತದೆ.

ಭಾನುವಾರ ಏಳೂ ಮನೆಗಳ ಡಬ್ಬಗಳನ್ನು ತೊಳೆದು ಒರೆಸಿ ಹಿಂದಿರುಗಿಸಲು ಹೊರಟೆವು. ಮೊದಲ ಮನೆಯಲ್ಲಿ ಅಮ್ಮ ಕೈನೋವು ಎಂದಳು. ಎರಡನೆಯದರಲ್ಲಿ ಊರಿಗೆ ಹೋಗಬೇಕಾಗಿದೆ ಎಂದಳು. ಮೂರನೆಯದರಲ್ಲಿ ಮತ್ತೆ ಕೈನೋವು. ನಾಲ್ಕನೆಯ ಮನೆಯ ಮುದುಕರು ಡಬ್ಬ ಇಸಿದುಕೊಂಡು, ತುಂಬ ಮೃದುವಾಗಿಯೇ, "ಆರಾಮ್ ಕರೋ ಬೇಟೀ. ಕಯೀ ದಿನ್ ಸೇ ದಾಲ್ ಜಲೀ ಹುಯೀ ಆ ರಹೀ ಥೀ. ಹಮ್ ಸಬ್‌ನೇ ಸೋಚಾ, ಬೋಲೇಂಗೇ ತೋ ತುಮ್ಹೇಂ ಬುರಾ ಲಗೇಗಾ," ಎಂದರು.

ದಿನವೂ ಸೀದ ಬೇಳೆ ಹೋಗಿತ್ತು. ಏಳು ಮನೆಯವರಿಗೂ ಗೊತ್ತಿತ್ತು, ಅವಳಿಗೆ ಬೇಸರವಾದೀತೆಂದು ಹೇಳಿರಲಿಲ್ಲ.

ಅಮ್ಮ ತಲೆಯಾಡಿಸಿ ಅವರಿಗೆ ಕೈಮುಗಿದಳು. ಉಳಿದ ಮೂರು ಮನೆಗಳಲ್ಲಿ ಅವಳು ಯಾವ ಕಾರಣವನ್ನೂ ಹೇಳಲಿಲ್ಲ. ಡಬ್ಬವನ್ನು ಹೊಸ್ತಿಲ ಬಳಿ ಇಟ್ಟು, ಬೆಲ್ ಒತ್ತಿ, ಬಾಗಿಲು ತೆರೆಯುವ ಮೊದಲೇ ಮುಂದಕ್ಕೆ ನಡೆದಳು.