ಬಾನೆಟ್ಟಿನ ಮೇಲಿನ ವಿಭೂತಿ

ಮೊನ್ನೆ ಪಕ್ಕದ ಮನೆಯವರು ಹಳೆಯ ಬಾಗಿಲಿಗೆ ವಾರ್ನಿಶ್ ಹೊಡೆಸುತ್ತಿದ್ದರು. ಅಗಸೆ ಎಣ್ಣೆ, ಟರ್ಪೆಂಟೈನ್ ಬೆರೆತ ವಾಸನೆ ಕಿಟಕಿಯಿಂದ ಬಂತು. ಓದುತ್ತಿದ್ದ ಪುಸ್ತಕ ಮುಚ್ಚಿಟ್ಟೆ. ನಂಜನಗೂಡಿನ ನಮ್ಮ ಮೋಟಾರು ಷೆಡ್ಡು... ಅಲ್ಲಿದ್ದ ವಾರ್ನಿಶ್ ತಾತ...

ಅದು ಮಹಾರಾಜರ ಕಾಲ. ಮರದ ವ್ಯಾಪಾರದಲ್ಲಿ ನಾಲ್ಕು ಕಾಸು ಕಂಡಿದ್ದ ನಮ್ಮ ತಂದೆ ಕನ್ನಡಿಯಂತೆ ಹೊಳೆಯುವ ಕಪ್ಪು ಮೋಟಾರು ತಂದಿದ್ದರು. ಅದರ ಪಾಲಿಷ್ ನೋಡಿಕೊಳ್ಳಲು, ಮೈಸೂರಿನಲ್ಲಿ ಸಾರೋಟುಗಳಿಗೆ ವಾರ್ನಿಶ್ ಹೊಡೆದೇ ಮುದುಕರಾಗಿದ್ದ ಒಬ್ಬರನ್ನು ಕರೆತಂದರು. ಸಾರೋಟುಗಳು ಕಡಿಮೆಯಾಗುತ್ತಿದ್ದವು, ಅವರಿಗೆ ಬೇರೆ ಕೆಲಸವಿರಲಿಲ್ಲ. ಷೆಡ್ಡಿನ ಮೂಲೆಯೇ ಅವರ ಮನೆಯಾಯಿತು. "ನಿನ್ನ ಬಿಟ್ಟು ಇನ್ನೊಬ್ಬರು ಇದನ್ನ ಮುಟ್ಟಕೂಡದು. ಗೀರು ಕಂಡ ದಿನ ನಿನಗಿಲ್ಲಿ ಕೆಲಸವಿಲ್ಲ" ಎಂದು ತಂದೆ ಮೊದಲ ದಿನವೇ ಹೇಳಿದ್ದರು.

ನಾನು ಮೈಸೂರಿನ ಕಾನ್ವೆಂಟಿನ ಬೋರ್ಡಿಂಗಿನಲ್ಲಿದ್ದೆ. ಅಮ್ಮ ಇರಲಿಲ್ಲ. ಹಾಲಿಡೇಸ್‌ಗೆ ಊರಿಗೆ ಬಂದರೆ, ನನ್ನ ಫ್ರಾಕು, ಷೂ ನೋಡಿ ಬೀದಿಯ ಹುಡುಗಿಯರು ಕುಂಟೆಬಿಲ್ಲೆಗೆ ಕರೆಯುತ್ತಿರಲಿಲ್ಲ. ತಂದೆ ಊಟದ ಹೊತ್ತಿಗೆ ಒಂದೆರಡು ಇಂಗ್ಲಿಷ್ ಸೆಂಟೆನ್ಸ್ ಹೇಳಿಸಿ ಸಂತೋಷಪಡುತ್ತಿದ್ದರು, ಅಷ್ಟೇ. ದಿನವಿಡೀ ನನ್ನೊಡನೆ ಮಾತಾಡುತ್ತಿದ್ದವರು ತಾತ ಒಬ್ಬರೇ. "ಏನಮ್ಮಣ್ಣಿ, ನಿಮ್ ದೊರೆಸಾನಿಯೋರು ಊಟ ಇಕ್ತಾರೋ, ಬರೀ ಪಾಠಾನೇ ಇಕ್ತಾರೋ? ಕತ್ತು ನೋಡಿ, ಕೊಕ್ಕರೆ ಕತ್ತಾಗೋಗದೆ."

ಆ ವರ್ಷದ ಆಯುಧಪೂಜೆಗೆ ನಮ್ಮ ಮನೆಯ ಪದ್ಧತಿಯಂತೆ ಗರಗಸ, ಒನಕೆ, ತಕ್ಕಡಿ ಎಲ್ಲಕ್ಕೂ ವಿಭೂತಿ ಬಳಿದರು. ಮೋಟಾರಿನ ಬಾನೆಟ್ಟಿಗೂ ಮೂರು ಅಗಲವಾದ ಪಟ್ಟೆ. ಪೂಜೆಗಿಟ್ಟ ಮೋಟಾರನ್ನು ಅಂದು ಓಡಿಸಬಾರದೆಂದು ತಂದೆ ದಸರೆಗೆ ರೈಲಿನಲ್ಲೇ ಮೈಸೂರಿಗೆ ಹೋದರು. ತಾತ ನರಸೀಪುರದ ತಂಗಿಯ ಮನೆಗೆ ಹೋದರು.

ಮಾರನೆಯ ಬೆಳಿಗ್ಗೆ ನನಗೆ ತಾತನಿಗೊಂದು ಸರ್ಪ್ರೈಸ್ ಕೊಡಬೇಕೆನಿಸಿತು. ಅಡುಗೆಯಾಕೆ ಹಿತ್ತಾಳೆ ದೀಪಗಳನ್ನು ಬೂದಿಯಿಂದ ಬೆಳಗುವುದನ್ನು ನೋಡಿದ್ದೆ. ವಿಭೂತಿಯೂ ಬೂದಿಯೇ ಅಲ್ಲವೇ... ಒಣಬಟ್ಟೆ ಹಿಡಿದು, ಒಣಗಿದ ವಿಭೂತಿ, ರಸ್ತೆಯ ಧೂಳು ಎಲ್ಲವನ್ನೂ ಸೇರಿಸಿ ಸುತ್ತಿ ಸುತ್ತಿ ಉಜ್ಜಿದೆ. ಷೆಡ್ಡಿನ ನೆರಳಿನಲ್ಲಿ ಚೆನ್ನಾಗಿಯೇ ಕಂಡಿತು. ಬಿಸಿಲು ಒಳಗೆ ಬಂದಾಗ ನೋಡಿದರೆ ಬಾನೆಟ್ಟಿನ ತುಂಬ ಜೇಡರ ಬಲೆಯಂತೆ ಸುತ್ತು ಸುತ್ತಾದ ಸಣ್ಣ ಗೀರುಗಳು.

ಮಧ್ಯಾಹ್ನ ಬಂದ ತಾತ ಬೈಯಲಿಲ್ಲ. ಉಗುರಿನ ತುದಿಯನ್ನು ಗೀರುಗಳ ಮೇಲೆ ಅಡ್ಡಡ್ಡ ಎಳೆದು ನೋಡಿದರು. ನೀರು ಹುಯ್ದು ತೊಳೆದರು. ಮೈದಾಹಿಟ್ಟಿಗಿಂತ ನಯವಾದ ಕಲ್ಲಿನ ಪುಡಿಯನ್ನು ಅಗಸೆ ಎಣ್ಣೆಯಲ್ಲಿ ಕಲಸಿ, ಉಣ್ಣೆಯ ತುಂಡಿಗೆ ಹಚ್ಚಿ, ಉದ್ದುದ್ದಕ್ಕೆ ಒಂದೇ ಹದದಲ್ಲಿ ತಿಕ್ಕತೊಡಗಿದರು. ಬಲೆ ನಿಧಾನವಾಗಿ ಕರಗುತ್ತ ಬಂತು.

"ಗೀರು ಎಲ್ಲಿಗೆ ಹೋಯ್ತು ತಾತ?"

"ಎಲ್ಲೂ ಓಗಿಲ್ಲ ಅಮ್ಮಣ್ಣಿ. ಸುತ್ತ ಇರೋ ಬಣ್ಣಾನ ಸವೆಸಿ ಅದರ ಮಟ್ಟಕ್ಕೆ ಇಳಿಸೋದು. ಇಷ್ಟೇಯ ನಮ್ ಇದ್ಯೆ."

ನಡುವೆ ಮೂರ್ನಾಲ್ಕು ಗೀರುಗಳು ಆಳವಾಗಿದ್ದವು. ಅಲ್ಲಿ ಕೈ ನಿಲ್ಲಿಸಿದರು. "ಇನ್ನೊಂದ್ ಕೈ ಉಜ್ಜುದ್ರೆ ಕೆಳಗಿನ ಬೂದು ಬಣ್ಣ ಕಂಡ್ಬುಡ್ತದೆ. ಇವು ಇರ್ಲಿ." ಆಮೇಲೆ ನನ್ನ ಮುಂದೆ ಕುಕ್ಕರುಗಾಲಿನಲ್ಲಿ ಕೂತರು. "ನಾನೇ ಒರೆಸ್ದೆ ಅಂತ ಅಪ್ಪಾವ್ರಿಗೆ ನೀವೇ ಯೋಳ್ಬುಡಿ. ಮಗೀನ ಎಷ್ಟು ಬೈದಾರು? ನಾನಾದ್ರೆ ಗಂಟು ಕಟ್ಬೇಕಾಯ್ತದೆ."

ಹೇಳುತ್ತೇನೆ ಎಂದೆ.

ದಸರೆ ಮುಗಿಸಿಕೊಂಡು ತಂದೆ ಮರುದಿನ ಸಂಜೆಯ ಓರೆ ಬಿಸಿಲಿನಲ್ಲಿ ಬಂದರು. ಕೋಟು ತೆಗೆಯುವ ಮೊದಲೇ ಬಾನೆಟ್ಟಿನ ಮೇಲೆ ಬಗ್ಗಿ ನೋಡಿದರು. "ಯಾರು ಮಾಡಿದ್ದು ಇದನ್ನ?"

ತಾತ ನನ್ನ ಕಡೆ ನೋಡಿದರು. ನನ್ನ ಬಾಯಿಂದ ಬಂದದ್ದು ಕಾನ್ವೆಂಟಿನ ಅಚ್ಚುಕಟ್ಟಾದ ಇಂಗ್ಲಿಷು: "ಐ ಡೋಂಟ್ ನೋ, ಪಪ್ಪಾ."

ತಾತನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ನಾನು ಒಪ್ಪಿಕೊಂಡೆನೆಂದೇ ತಿಳಿದು ನನ್ನತ್ತ ತಲೆಯಾಡಿಸಿದರು, ಶಭಾಷ್ ಎನ್ನುವಂತೆ. ತಂದೆಗೆ ಕೈಮುಗಿದು, "ಬುದ್ಧೀ, ಮಗು ತಿಳೀದೆ ಮಾಡವ್ರೆ. ಬೈಬ್ಯಾಡಿ" ಎಂದರು.

"ನೀನು ಮಾಡಿ ಮಗು ಮೇಲೆ ಹಾಕ್ತೀಯಾ? ಗೊತ್ತಿಲ್ಲ ಅಂತ ಈಗ ತಾನೆ ಅವಳು ಹೇಳ್ಲಿಲ್ವೇ?"

ಆಗ ತಾತ ನನ್ನನ್ನು ನೋಡಿದರು... ಆಮೇಲೆ ಷೆಡ್ಡಿನ ಮೂಲೆಗೆ ಹೋಗಿ ಗಂಟು ಕಟ್ಟತೊಡಗಿದರು. ನಾನು ಒಳಗೆ ಓಡಿದೆ. ಬೆಳಿಗ್ಗೆ ತಾತ ನರಸೀಪುರದ ಕಡೆಗೆ ಹೊರಟ ಗಾಡಿಯೊಂದರಲ್ಲಿ ಹೋದರೆಂದು ಅಡುಗೆಯಾಕೆ ಹೇಳಿದಳು. ನಾನು ರೂಮಿನಿಂದ ಹೊರಗೆ ಬಂದಿರಲಿಲ್ಲ.

ಮದುವೆಯಾಗಿ ಎಷ್ಟೋ ವರ್ಷಗಳ ಮೇಲೆ ನರಸೀಪುರಕ್ಕೆ ಹೋಗಿ ವಿಚಾರಿಸಿದೆ. ಅವರ ತಂಗಿಯ ಸೊಸೆ ಬಾಗಿಲಲ್ಲಿ ನಿಂತೇ ಹೇಳಿದಳು: "ಕಡೆಗಾಲ್ದಲ್ಲಿ ಗಾಡಿ ಚಕ್ರಕ್ಕೆ ಬಣ್ಣ ಬಳ್ಕಂಡಿದ್ರು ಕಣವ್ವ. ತೀರ್ಕಂಡು ಎರಡು ವರ್ಸಾಯ್ತು. ನೀವು ಅವ್ರಿಗೆ ಏನಾಗ್ಬೇಕು?"

ದಾರಿಯುದ್ದಕ್ಕೂ ಬೇರೆ ಮಾತುಗಳನ್ನು ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. "ಪರಿಚಯ" ಎಂದು ಹೇಳಿ ಹಿಂತಿರುಗಿದೆ.

ಈಗ ತಂದೆಯೂ ಇಲ್ಲ. ನಾನು ಒಪ್ಪಿಕೊಳ್ಳುವುದನ್ನು ಕೇಳಬೇಕಾಗಿದ್ದವರು ಇಬ್ಬರೂ ಹೋದರು. ಈ ಮನೆಯಲ್ಲಿ ಇಡೀ ದಿನ ನಾನು ಕನ್ನಡದಲ್ಲಾಗಲಿ ಇಂಗ್ಲಿಷಿನಲ್ಲಾಗಲಿ ಮಾತಾಡಲು ಯಾರೂ ಇಲ್ಲ. ಅವತ್ತು ಆಡಬೇಕಾಗಿದ್ದದ್ದು ತೀರ ಚಿಕ್ಕ ಮಾತು.

ಒರೆಸಿದವಳು ನಾನು, ಅಪ್ಪ.