ಬಿಳೂರಿನ ಭಜನೆಯಲ್ಲಿ ನನ್ನ ಕಂಪ್ಯೂಟರ್

ನಾನು ಮಾಡುವ ಕೆಲಸ ಏನೆಂದು ಬಿಳೂರಿನ ನಮ್ಮ ಜನಕ್ಕೆ ಹೇಳಿ ಹೇಳಿ ಸಾಕಾಗಿ ಹೋಗಿದೆ. ಸುತ್ತಲಿನ ಸದ್ದುಗಳನ್ನು ಹಿಡಿದು ತಂದು, ಕಂಪ್ಯೂಟರಿನಲ್ಲಿ ಹಿಗ್ಗಿಸಿ ಕುಗ್ಗಿಸಿ ಸಂಗೀತ ಕಟ್ಟುತ್ತೇನೆ. ವೇದಿಕೆಯ ಮೇಲೆ ಯಾರಾದರೂ ಹಾಡಿದರೆ ಕಂಪ್ಯೂಟರ್ ಅದನ್ನು ಕೇಳಿಸಿಕೊಂಡು ಅಲ್ಲೇ ತನ್ನದೊಂದು ಉತ್ತರ ಕೊಡುವ ಹಾಗೆ ಪ್ರೋಗ್ರಾಮ್ ಬರೆಯುತ್ತೇನೆ. ಪುಣೆಯಲ್ಲಿ ಇದನ್ನೇ ಮಾಡುತ್ತ ಕೂದಲು ಬೆಳ್ಳಗಾದವು. ಊರಿಗೆ ಬಂದರೆ ಮಾತ್ರ ಬಾಗಿಲಲ್ಲೇ ಮೊಬೈಲ್ ಹಿಡಿದು ನಿಂತಿರುತ್ತಾರೆ: "ಅಕ್ಕಾರ, ಇದರ ಆವಾಜ ಬರವಲ್ದು, ಚೂರು ನೋಡ್ರಿ." ಸಿಟ್ಟು ನೆತ್ತಿಗೇರುತ್ತದೆ. ಆದರೂ ನೋಡುತ್ತೇನೆ. ಸ್ಪೀಕರಿನ ತೂತಿನಲ್ಲಿ ಜೋಳದ ಹಿಟ್ಟು ಕೂತಿರುತ್ತದೆ.

ಊರವರ ಮಾತು ಬಿಡಿ, ಅಣ್ಣನದೇ ದೊಡ್ಡ ಗೋಳು. ಅವನಿಗೆ ಊರಿನಲ್ಲಿ ಕಿರಾಣಿ ಅಂಗಡಿ. ಸೋಮವಾರ ಬೆಳಗಿನ ಮಠದ ಭಜನೆಗೆ ಅವನೇ ಮುಂದಾಳು. ನನ್ನ ಒಂದೇ ಒಂದು ಕೃತಿಯನ್ನೂ ಅವನು ಕೊನೆತನಕ ಕೇಳಿದವನಲ್ಲ. ನಮ್ಮ ಕಡೆಯದೇ ಊರಾದ ಮಾಡಗ್ಯಾಳದ ಕುರಿ ಹಿಂಡಿನ ಹಿಂದೆ ಬಿಸಿಲಲ್ಲಿ ಅಲೆದು ಒಂದು ಕೃತಿ ಮಾಡಿದ್ದೆ. ಅಂಗಡಿಗೇ ಹೋಗಿ ಅವನ ಕಿವಿಗೆ ಹೆಡ್‌ಫೋನ್ ಇಟ್ಟೆ. ಗಿರಾಕಿ ಬಂದನೆಂದು ಅರ್ಧಕ್ಕೇ ಕಿತ್ತಿಟ್ಟು, ಬೆಲ್ಲ ತೂಗುತ್ತ ಕೇಳಿದ, "ಕುರಿ ಸಪ್ಪಳ ಕೇಳಾಕ ಪುಣೆ ತನಕ ಹೋಗಬೇಕಾಗಿತ್ತೇನ ತಂಗಿ? ದಿನಾ ಮನಿ ಮುಂದನ ಹೊಕ್ಕಾವಲ್ಲ!"

ನನಗೆ ಹಾರ್ಮೋನಿಯಂ ಪೇಟಿಯ ಮೇಲೆ ಮೊದಲು ಬೆರಳಿಡಿಸಿದವನು ಇವನೇ. ನಾನು ಸಂಗೀತ ಓದಬೇಕೆಂದು ಮನೆಮಂದಿಯ ಜತೆ ಜಗಳ ಕಾಯ್ದವನೂ ಇವನೇ. ಇವನೊಬ್ಬ ಒಂದು ಸಲ ಪೂರ್ತಿ ಕೇಳಲಿ ಎಂಬ ಆಸೆ ನನಗೆ. ಪುಣೆಯ ಸಭಾಗೃಹಗಳ ಚಪ್ಪಾಳೆಯಿಂದ ಅದು ತೀರುವಂಥದ್ದಲ್ಲ.

ಹೋದ ಶ್ರಾವಣದಲ್ಲಿ ನಾನೇ ಒಂದು ಉಪಾಯ ಮಾಡಿದೆ. ಅವನು ಕೇಳಲು ಬರದಿದ್ದರೆ ಕಂಪ್ಯೂಟರನ್ನೇ ಭಜನೆಗೆ ಒಯ್ಯುವುದು. ಅಣ್ಣ ಒಂದು ಸಾಲು ಹಾಡಿ ನಿಲ್ಲಿಸಬೇಕು, ಆಗ ಕಂಪ್ಯೂಟರ್ ಆ ದನಿಯನ್ನೇ ಎತ್ತಿಕೊಂಡು ಮುಂದುವರಿಸಬೇಕು. ಆದರೆ ಸುತ್ತ ಪೂರ್ತಿ ನಿಶ್ಶಬ್ದವಿದ್ದರಷ್ಟೇ ಅದು ಬಾಯಿ ತೆರೆಯುತ್ತದೆ. ಬೇರೆ ಸದ್ದು ಕೇಳಿತೋ, ತಟ್ಟನೆ ನಿಲ್ಲುತ್ತದೆ. ಇನ್ನೊಬ್ಬರ ಹಾಡಿನ ನಡುವೆ ಬಾಯಿ ಹಾಕದ ಈ ಸಭ್ಯತೆ ಕಲಿಸಲು ತಿಂಗಳುಗಟ್ಟಲೆ ಒದ್ದಾಡಿದ್ದೆ.

ಮಠದಲ್ಲಿ ಎಲ್ಲರಿಗೂ ಕೈಮುಗಿದು ಹೇಳಿದೆ, "ಅಣ್ಣ ನಿಲ್ಲಿಸಿದ ಕೂಡಲೆ ಯಾರೂ ಸಪ್ಪಳ ಮಾಡಬ್ಯಾಡ್ರಿ."

"ಹೂನವಾ, ಹೂನು," ಎಂದು ಎಲ್ಲರೂ ತಲೆಯಾಡಿಸಿದರು.

ಆಡಿಸಿದ್ದು ತಲೆ ಮಾತ್ರ. ನಮ್ಮ ಭಜನೆಯಲ್ಲಿ ಹಾಡುವವರನ್ನು ಯಾರೂ ಒಂಟಿಯಾಗಿ ಬಿಡುವುದಿಲ್ಲ. ಒಬ್ಬರು ಬಿಟ್ಟ ಸಾಲನ್ನು ಉಳಿದವರು ಎತ್ತಲೇಬೇಕು. ಎತ್ತದೆ ಕೂತರೆ ಹಾಡಿದವರಿಗೆ ಅವಮಾನ. ಅಣ್ಣನ ಸಾಲು ಮುಗಿಯಿತು. ಇಡೀ ಮಠ ಒಂದೇ ದನಿಯಲ್ಲಿ ಎತ್ತಿಕೊಂಡಿತು, ತಾಳ, ಡಗ್ಗಾ, ಹಿಂದೆ ಕೂತ ಹೆಂಗಸರ ಚಪ್ಪಾಳೆ ಸಮೇತ. ಸುಮ್ಮನಿರಿ ಎಂದು ಎರಡೂ ಕೈ ಎತ್ತಿ ಸನ್ನೆ ಮಾಡಿದೆ. ಇನ್ನೂ ಜೋರಾಗಿ ಎಂದು ತಿಳಿದು ಮೇಲಿನ ಸ್ವರಕ್ಕೇ ಹೋದರು. ಮಂಗಳಾರತಿಯಾದರೂ ಕಂಪ್ಯೂಟರ್ ಪಿಟ್ಟೆನ್ನಲಿಲ್ಲ.

"ಭಾಳ ಚಲೋ ಆತವಾ," ಎಂದರು ಒಬ್ಬ ಹಿರಿಯರು, ಪ್ರಸಾದ ಕೈಗಿಡುತ್ತ. "ಮಷೀನ ಯಾವಾಗ ಚಾಲೂ ಮಾಡ್ತಿ?"

ಜನ ಹೋದ ಮೇಲೆ ವೈರುಗಳನ್ನು ಸಿಟ್ಟಿನಿಂದ ಸುತ್ತತೊಡಗಿದೆ. ಅಣ್ಣ ಹತ್ತಿರ ಬಂದ.

"ಹಂಗ ಮಾರಿ ಗಂಟ ಹಾಕ್ಕೊಬ್ಯಾಡ. ಈಗ ಯಾರೂ ಇಲ್ಲ, ಮಷೀನ ಹಚ್ಚು."

ಹಚ್ಚಿದೆ. ಅವನು ಒಂದು ಸಾಲು ಹಾಡಿ ನಿಲ್ಲಿಸಿದ. ಸ್ಪೀಕರಿನಿಂದ ಅವನದೇ ದನಿ, ಎಳೆ ಎಳೆಯಾಗಿ ಬಿಚ್ಚಿಕೊಂಡು, ಸಣ್ಣಗೆ ನಡುಗುತ್ತ ಹೊರಬಂತು. ಅಣ್ಣ ಕಣ್ಣು ಮುಚ್ಚಿದ. ಅಷ್ಟರಲ್ಲಿ ಅವನ ಕೈ ತಾನಾಗಿ ಕೆಳಗೆ ಹೋಗಿ ತಾಳ ಎತ್ತಿಕೊಂಡಿತು. ಒಂದು ಪೆಟ್ಟು ಬಿತ್ತು. ಕಂಪ್ಯೂಟರ್ ನಿಂತಿತು.

"ಯಾಕ ನಿಂತಿತು?"

"ನೀ ತಾಳ ಹಾಕಿದಿ ಅಲ್ಲಾ!" ಎಂದು ಕಿರುಚಿದೆ. "ಒಂದ ಗಳಿಗಿ ಸುಮ್ಮ ಕುಂದ್ರಾಕ ಆಗೂದಿಲ್ಲೇನ ನಿನಗ?"

"ಪಾಪ, ಅದೊಂದ ಹಾಡಾಕ ಹತ್ತಿತ್ತು," ಎಂದ. "ಒಂಟಿ ಬಿಡಾಕ ಮನಸ ಬರಲಿಲ್ಲ."

ತಾಳವನ್ನು ತೊಡೆಯ ಮೇಲಿಟ್ಟುಕೊಂಡು ಕೇಳಿದ, "ಯಾರರ ಕೂಡಿದರ ನಿಲ್ಲಬೇಕಂತ ಅದಕ್ಕ ಯಾರ ಕಲಿಸ್ಯಾರ?"

"ನಾನ."

"ಹಂಗಾರ ತಗದ ಹಾಕು. ನಾ ಕುಂತಿರ್ತೀನಿ."

ನನ್ನ ಸಿಟ್ಟೇನೂ ಇಳಿದಿರಲಿಲ್ಲ. ಅಷ್ಟು ಕಷ್ಟಪಟ್ಟು ಬರೆದ ಸಾಲುಗಳನ್ನು ಬಡಬಡ ಕೀ ಒತ್ತಿ ಅಳಿಸತೊಡಗಿದೆ. ಅಂಗಡಿಯಿಂದ ಅವನಿಗೆ ಫೋನು ಬಂತು. ಅಣ್ಣ ಎತ್ತಲಿಲ್ಲ. ತಾಳ ಹಿಡಿದು ಸ್ಪೀಕರಿನ ಕಡೆ ನೋಡುತ್ತ ಕೂತಿದ್ದ.