ಅಕ್ಕನ ಟ್ಯಾಬಿನಲ್ಲಿ ಮೂಡದ ಅಕ್ಷರಗಳು

ನನ್ನ ಅಕ್ಕ ಸಂಡೂರಿನಲ್ಲಿ ಖಾನಾವಳಿ ನಡೆಸುತ್ತಾಳೆ. ಅದಿರು ಲಾರಿಯ ಡ್ರೈವರುಗಳು, ಗಣಿ ಆಫೀಸಿನ ಗುಮಾಸ್ತರು, ಬಸ್ ತಪ್ಪಿಸಿಕೊಂಡವರು ಅಲ್ಲಿ ಉಣ್ಣುತ್ತಾರೆ. ಹೋದ ವರ್ಷ ಅವಳ ಗಂಟಲಲ್ಲಿ ಗಡ್ಡೆ ಕಾಣಿಸಿಕೊಂಡು ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಹೋಯಿತು.

ದನಿ ಇದ್ದಾಗ ಅವಳು ಒಲೆಯ ಮುಂದೆ ಕೂತೇ ಎಲ್ಲವನ್ನೂ ನಡೆಸುತ್ತಿದ್ದಳು. ಯಾರ ತಾಟಿನಲ್ಲಿ ಪಲ್ಯ ಮುಗಿದಿದೆ, ಯಾರಿಗೆ ಮಜ್ಜಿಗೆ ಬೇಕು, ಎಲ್ಲ ಅಲ್ಲಿಂದಲೇ ಕೂಗಿ ಹೇಳುತ್ತಿದ್ದಳು. ಆಮೇಲೆ ನೋಟ್‌ಬುಕ್ಕಿನಲ್ಲಿ ಬರೆದು ತೋರಿಸಲು ಶುರುಮಾಡಿದಳು. ಏಳನೇ ಇಯತ್ತೆ ಓದಿದವಳು, ಬರೆಯುವುದೇನೋ ಬರುತ್ತಿತ್ತು. ಆದರೆ ರೊಟ್ಟಿ ಬಡಿಯುವ ಹೆಂಗಸಿಗೆ ಓದಲು ಬರುತ್ತಿರಲಿಲ್ಲ. ಅಕ್ಕ ಚೀಟಿ ಹಿಡಿದರೆ ಅವಳು ಅದನ್ನು ಗಿರಾಕಿಗಳ ಕೈಗೆ ಕೊಟ್ಟು, "ಏನ್ ಬರದಾಳ ನೋಡ್ರಿ ಅಣ್ಣ" ಎಂದು ಕೇಳಬೇಕಿತ್ತು. ಅಕ್ಕನಿಗೆ ಅದು ಸಹಿಸಲಾಗುತ್ತಿರಲಿಲ್ಲ.

ನಾನು ಕಂಪ್ಲಿಯ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳುತ್ತೇನೆ. ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳುವ ಆ್ಯಪ್ ಇದೆಯೆಂದು ಶಾಲೆಯಲ್ಲಿ ಜೊತೆಯವರೊಬ್ಬರು ಹೇಳಿದರು. ಅಕ್ಕನ ಕಣ್ಣಿಗೆ ಫೋನಿನ ಅಕ್ಷರ ಸಣ್ಣದಾಗುತ್ತದೆಂದು ಹೊಸಪೇಟೆಯ ಅಂಗಡಿಯೊಂದರಲ್ಲಿ ಟ್ಯಾಬ್ ಕೊಂಡು ಒಯ್ದೆ. ಅವಳು ಒಂದೊಂದೇ ಅಕ್ಷರ ಒತ್ತಿ "ರೊಟ್ಟಿ ಹಾಕು" ಎಂದು ಬರೆದಳು. ಟ್ಯಾಬಿನೊಳಗಿನ ಹೆಣ್ಣುದನಿ ಅದನ್ನು ವಾರ್ತೆ ಓದಿದಂತೆ ಹೇಳಿತು. ರೊಟ್ಟಿಯವಳು ಹಿಟ್ಟಿನ ಕೈಯನ್ನೇ ಬಾಯಿಗೆ ಅಡ್ಡ ಹಿಡಿದು ನಕ್ಕಳು. ಅಕ್ಕ ನಗಲಿಲ್ಲ. ಇನ್ನೊಂದು ಸಲ ಒತ್ತಿದಳು, ಮತ್ತೊಂದು ಸಲ ಒತ್ತಿದಳು. ಬಿಡುವಾದಾಗಲೆಲ್ಲ ಒತ್ತುತ್ತಿದ್ದಳು.

ಹತ್ತು ದಿನ ಅದು ಚೆನ್ನಾಗಿತ್ತು. ಹನ್ನೊಂದನೆಯ ದಿನ ರೊಟ್ಟಿಯವಳ ಫೋನು ಬಂತು.

"ಟೀಚರಕ್ಕ, ಅದಕ್ಕ ಏನಾಗೈತೋ ಗೊತ್ತಿಲ್ಲ. 'ಒಟ್ಟಿ ಆಕು' ಅಂತೈತಿ. ಏನ್ ಒಟ್ಟಲಿ ನಾನು?"

ಭಾನುವಾರ ಹೋಗಿ ನೋಡಿದೆ. ಪರದೆಯ ಮೇಲೆ ಬೆರಳಗಲದ ಒಂದು ಪಟ್ಟಿ, ಮೇಲಿನಿಂದ ಕೆಳಗಿನವರೆಗೆ, ಸತ್ತುಹೋಗಿತ್ತು. ಕಣ್ಣಿಗೆ ಏನೂ ಕಾಣುವುದಿಲ್ಲ, ಆದರೆ ಅಲ್ಲಿ ಮುಟ್ಟಿದರೆ ಮುಟ್ಟಿದ್ದು ತಿಳಿಯುವುದಿಲ್ಲ. ಕೀಬೋರ್ಡಿನ ಮೂರು ಅಕ್ಷರ ಆ ಪಟ್ಟಿಯಲ್ಲಿದ್ದವು: ಹ, ರ, ಸ. ಸಾರು ಇಲ್ಲ, ರೊಟ್ಟಿ ಇಲ್ಲ, ಹಪ್ಪಳ ಇಲ್ಲ. ಟ್ಯಾಬನ್ನು ತಲೆಕೆಳಗು ಮಾಡಿ ಹಿಡಿದರೆ ಆ ಮೂರೂ ಬರುತ್ತಿದ್ದವು, ಬೇರೆ ಮೂರು ಹೋಗುತ್ತಿದ್ದವು. ಒಂದೇ ಮಾತಿಗೆ ಎರಡು ಸಲ ತಿರುಗಿಸಿ ತಿರುಗಿಸಿ ಅಕ್ಕನಿಗೆ ಸಾಕಾಗಿ, ಬಂದ ಅಕ್ಷರಗಳಲ್ಲೇ ಬರೆಯುತ್ತಿದ್ದಳು.

ಅಂದೇ ಟ್ಯಾಬನ್ನು ಹೊಸಪೇಟೆಗೆ ಒಯ್ದೆ. ಅಂಗಡಿಯವನು ಬಿಲ್ಲಿನ ತಾರೀಖು ನೋಡಿದ. "ಏಳು ದಿನದಾಗ ತಂದಿದ್ರ ಇಲ್ಲೇ ಬದ್ಲಿ ಕೊಡ್ತಿದ್ದೆ ಮೇಡಮ್. ಈಗ ಸರ್ವಿಸ್ ಸೆಂಟರಿಗೆ ಹೋಗ್ರಿ."

"ಏಳು ದಿನದಾಗ ಕೆಟ್ಟಿದ್ದಿಲ್ಲಲ್ರಿ."

"ಅದಕ್ಕ ನಾವೇನ್ ಮಾಡಾಕ ಬರತೈತಿ?"

ಅವನು ಕೆಟ್ಟವನಲ್ಲ. ಕೂರಲು ಸ್ಟೂಲು ಕೊಟ್ಟು, ನೀರು ತರಿಸಿಕೊಟ್ಟ. ಸರ್ವಿಸ್ ಸೆಂಟರಿನ ದಾರಿ ಹೇಳುವಾಗ ಅಂಗಡಿಯ ಹೊರಗೆ ಬಂದು ಬೆರಳು ಮಾಡಿ ತೋರಿಸಿದ. ಆದರೆ ಆ ದಿನ ಭಾನುವಾರ, ಅದು ಮುಚ್ಚಿತ್ತು.

ಮುಂದಿನ ಶನಿವಾರ ಮುಂಜಾನೆಯ ಶಾಲೆ ಮುಗಿಸಿಕೊಂಡು ಮತ್ತೆ ಹೊಸಪೇಟೆಗೆ ಬಂದೆ. ಕಡಿದಾದ ಮೆಟ್ಟಿಲು ಹತ್ತಿ ಹೋದರೆ ಮೇಲೆ ಒಂದು ಕೋಣೆ, ಟೋಕನ್ ಹಿಡಿದು ಕೂತ ಜನ. ಒಂದೂವರೆ ತಾಸಿನ ನಂತರ ನನ್ನ ಸರದಿ ಬಂತು. ಕೌಂಟರಿನ ಹುಡುಗಿ ಟ್ಯಾಬನ್ನು ದೀಪದ ಕೆಳಗೆ ಹಿಡಿದು ನಾಲ್ಕೂ ಮೂಲೆಗಳನ್ನು ನೋಡಿದಳು. ಎಡಗಡೆಯ ಕೆಳಮೂಲೆಯಲ್ಲಿ ಸಾಸಿವೆಯಷ್ಟು ಗುರುತು ಇತ್ತು.

"ಪೆಟ್ಟು ಬಿದ್ದೈತ್ರಿ ಮೇಡಮ್. ಇದು ವಾರಂಟಿಯಾಗ ಬರಂಗಿಲ್ಲ."

"ಬಿದ್ದಿಲ್ರಿ ಅದು. ತಾನಾಗೇ ಕೆಟ್ಟಿದ್ದು."

"ಎಲ್ಲಾರೂ ಹಂಗ ಅಂತಾರ್ರಿ," ಎಂದಳು ಅವಳು. ಆ ಮಾತನ್ನು ಬೇಸರವಿಲ್ಲದೆ, ದಿನಕ್ಕೆ ನಲವತ್ತು ಸಲ ಹೇಳಿ ಅಭ್ಯಾಸವಾದವಳಂತೆ ಹೇಳಿದಳು. ನಾನು ತರಗತಿಯಲ್ಲಿ "ಹೋಮ್‌ವರ್ಕ್ ಮನೆಯಲ್ಲೇ ಮರೆತೆ" ಎನ್ನುವ ಮಕ್ಕಳಿಗೆ ಹೇಳುವುದೂ ಹಾಗೆಯೇ.

ಅಲ್ಲಿಂದ ಸೀದಾ ಸಂಡೂರಿಗೆ ಹೋದೆ. ಊಟದ ಹೊತ್ತು ಮುಗಿದಿತ್ತು. ಅಕ್ಕ ಒಲೆ ಸಾರಿಸುತ್ತಿದ್ದಳು. ಚಪ್ಪಲಿ ಬಿಡುವ ಮೊದಲೇ ಕೇಳಿಬಿಟ್ಟೆ: "ಖರೇ ಹೇಳು, ಕೈಜಾರಿ ಎಲ್ಲ್ಯಾರ ಬೀಳಿಸಿದ್ಯಾ?"

ಅವಳು ಕೈ ನಿಲ್ಲಿಸಿದಳು. ನಾನು ಚಾಚಿದ ಟ್ಯಾಬ್ ಮುಟ್ಟಲಿಲ್ಲ. ಗೋಡೆಯ ಮೊಳೆಗೆ ತೂಗುಹಾಕಿದ್ದ ಹಳೆಯ ನೋಟ್‌ಬುಕ್ ತೆಗೆದು, ಪೆನ್ಸಿಲ್ ಒತ್ತಿ ಬರೆದಳು: "ನಾನು ಬೀಳಿಸಿಲ್ಲ. ನನ್ನ ಬಾಯಿ ಅದು. ಬಾಯಿನ ಯಾರಾರ ಬೀಳಿಸ್ತಾರೇನು?"

"ಆತು ಬಿಡು," ಎಂದೆ. ಆದರೆ ನನ್ನ ದನಿಯಲ್ಲಿ ನಂಬಿಕೆ ಇರಲಿಲ್ಲವೆಂದು ನನಗೇ ಕೇಳಿಸಿತು. ಅವಳಿಗೂ ಕೇಳಿಸಿರಬೇಕು. ಆವತ್ತು ಬಸ್ಸಿಗೆ ಹೊರಟಾಗ ಅವಳು ಬಾಗಿಲವರೆಗೆ ಬರಲಿಲ್ಲ.

ಮುಂದಿನ ವಾರಗಳಲ್ಲಿ ಕಂಪನಿಯ ಸಹಾಯವಾಣಿಗೆ ಎಷ್ಟು ಸಲ ಫೋನ್ ಮಾಡಿದೆನೋ ಲೆಕ್ಕ ಇಟ್ಟಿಲ್ಲ. ಸ್ಟಾಫ್ ರೂಮಿನ ಕಿಟಕಿಯ ಬಳಿ ನಿಂತು ಒಂದು ಒತ್ತಿ, ಎರಡು ಒತ್ತಿ, ಸಂಗೀತ ಕೇಳಿ, ಹೊಸಬರೊಬ್ಬರಿಗೆ ಎಲ್ಲವನ್ನೂ ಮೊದಲಿನಿಂದ ಹೇಳಬೇಕು. ಅಷ್ಟರಲ್ಲಿ ಗಂಟೆ ಹೊಡೆಯುತ್ತಿತ್ತು. ಪ್ರತಿ ಸಲವೂ ಒಂದು ದೂರಿನ ನಂಬರು ಕೊಡುತ್ತಿದ್ದರು. ಆ ಅಂಕಿಗಳು ನನ್ನ ಪಾಠದ ಟಿಪ್ಪಣಿಗಳ ಅಂಚಿನಲ್ಲಿ ಇನ್ನೂ ಇವೆ. ಇದು ಕಾರ್ಖಾನೆಯಿಂದಲೇ ಬಂದ ದೋಷ ಇರಬಹುದು ಎಂದರೆ, "ಅದನ್ನು ಸರ್ವಿಸ್ ಸೆಂಟರಿನವರೇ ಹೇಳಬೇಕು ಮೇಡಮ್" ಎನ್ನುತ್ತಿದ್ದರು. ಸರ್ವಿಸ್ ಸೆಂಟರಿನವರು ಆಗಲೇ ಹೇಳಿಯಾಗಿತ್ತು.

ಇಷ್ಟಕ್ಕೇ ಬಿಟ್ಟುಬಿಡುತ್ತಿದ್ದೆನೇನೋ. ಹಂಪಿ ಬಜಾರಿನ ಹಿಂದಿನ ಓಣಿಯಲ್ಲಿ ಪ್ರವಾಸಿಗರ ಫೋನು, ಕ್ಯಾಮೆರಾ ರಿಪೇರಿ ಮಾಡುವವನೊಬ್ಬನಿದ್ದಾನೆ, ಸುಳ್ಳು ಹೇಳುವುದಿಲ್ಲ ಎಂದು ಪಕ್ಕದ ಮನೆಯವರು ಹೇಳಿದರು. ಒಂದು ರಜೆಯ ದಿನ ಸಂಡೂರಿಗೆ ಹೋಗಿ ಅಕ್ಕನಿಂದ ಟ್ಯಾಬ್ ಇಸಿದುಕೊಂಡೆ. ಕೊಡುವಾಗ ಅವಳು ಅದನ್ನು ಸೆರಗಿನಿಂದ ಒರೆಸಿ ಕೊಟ್ಟಳು.

ಬಸ್ಸು ಅದಿರು ಲಾರಿಗಳ ಸಾಲಿನ ಹಿಂದೆ ನಿಂತುಬಿಟ್ಟಿತು. ಸುಮ್ಮನೆ ಕೂತವಳು ಟ್ಯಾಬ್ ತೆರೆದೆ. ಅಕ್ಕ ಬರೆದದ್ದನ್ನು ಯಾವತ್ತೂ ಅಳಿಸಿರಲಿಲ್ಲ. ಒಂದರ ಕೆಳಗೆ ಒಂದು, ಒಂದೂವರೆ ತಿಂಗಳು ಅವಳು ಆಡಿದ ಮಾತೆಲ್ಲ ಹಾಗೇ ಇತ್ತು. ಉಪ್ಪು ಕಮ್ಮಿ ಆಗೈತಿ. ಗ್ಯಾಸ್ ತಂದವನಿಗೆ ಬೈಗುಳ. ರೊಟ್ಟಿಯವಳ ಮಗಳಿಗೆ ಜ್ವರ ಬಂದಾಗ ಮಾಡಬೇಕಾದ ಕಷಾಯ. ಮೊದಲ ಹತ್ತು ದಿನದ್ದು ತುಂಬಿದ ಮಾತು, ಆಮೇಲಿನದು ಹಲ್ಲು ಉದುರಿದ ಮಾತು. ಅದರ ನಡುವೆ ಯಾರಿಗೂ ಹೇಳದ ಒಂದು ಸಾಲು ಸಿಕ್ಕಿತು: "ನನ್ನ ದನಿ ೆಂಗಿತ್ತು ಅನ್ನೋದು ನನಗ ಮೆತು ೊಂಟೈತಿ."

ಹೆಂಗಿತ್ತು, ಮರೆತು, ಹೊಂಟೈತಿ. ಬಿಟ್ಟ ಅಕ್ಷರ ತುಂಬುವುದು ನನಗೆ ಕಷ್ಟವಾಗಲಿಲ್ಲ, ಅದೇ ನನ್ನ ಕೆಲಸ. ಅದರ ಕೆಳಗೆ ಇನ್ನೂ ಏಳೆಂಟು ಸಾಲುಗಳಿದ್ದವು. ಓದುವಷ್ಟರಲ್ಲಿ ಬಸ್ಸು ಹೊರಟು ಅಲುಗಾಡತೊಡಗಿತು. ಆಮೇಲೆ ನೋಡಿದರಾಯಿತೆಂದು ಮುಚ್ಚಿಟ್ಟೆ.

ಕಮಲಾಪುರದಲ್ಲಿ ಇಳಿದು ಆಟೋದಲ್ಲಿ ಹಂಪಿಗೆ ಹೋದೆ. ರಿಪೇರಿಯವನು ಐವತ್ತು ದಾಟಿದ ಗಂಡಸು, ಕಣ್ಣಿಗೆ ಒಂದು ಭೂತಗನ್ನಡಿ ಸಿಕ್ಕಿಸಿಕೊಂಡಿದ್ದ. ಚಿತ್ರ ಬರೆಯುವ ಪುಟ ತೆರೆದು ಬೆರಳಿನಿಂದ ಪರದೆಯ ತುಂಬ ಗೀಚಿದ. ಬಣ್ಣ ಎಲ್ಲ ಕಡೆ ತುಂಬಿತು, ಆ ಪಟ್ಟಿಯಲ್ಲಿ ಮಾತ್ರ ಅಳತೆಪಟ್ಟಿ ಇಟ್ಟು ಬಿಟ್ಟಂತೆ ನೆಟ್ಟಗೆ ಬಿಳಿ ಉಳಿಯಿತು.

"ಇದು ಬಿದ್ದ ಮಾಲಲ್ಲಮ್ಮ," ಎಂದ. "ಬಿದ್ದಿದ್ರ ಪೆಟ್ಟು ಬಿದ್ದ ಮೂಲಿಯಿಂದ ಕೆಡತೈತಿ. ಗುರ್ತು ಎಡಕ್ಕೈತಿ, ಪಟ್ಟಿ ಬಲಕ್ಕೈತಿ. ಇದು ಹುಟ್ಟಾ ಬಂದ ರೋಗ ಅಂತ ನನಗ ಅನಸ್ತೈತಿ."

"ನೀವ ಸರಿ ಮಾಡ್ಕೊಡ್ರಿ ಹಂಗಾರ. ನನಗ ಸಾಕಾಗೈತಿ."

"ಬ್ಯಾಡ. ನಾ ಬಿಚ್ಚಿದೆ ಅಂದ್ರ ಅವರಿಗೆ ನೆಪ ಸಿಕ್ಕಂಗ. ನಾ ಗೀಚತೀನಿ, ನೀವು ವಿಡಿಯೊ ಮಾಡ್ಕೊರಿ. ತೋರಿಸಿ ಕೇಳ್ರಿ."

ಅವನು ಏನೂ ತೆಗೆದುಕೊಳ್ಳಲಿಲ್ಲ. ಹಾಗಾದರೆ ಅಕ್ಕ ಹೇಳಿದ್ದು ನಿಜ. ಅದು ತಿಳಿದ ಮೇಲೆ ಹಗುರಾಗಬೇಕಿತ್ತು, ಆಗಲಿಲ್ಲ. ಒಬ್ಬ ಅಪರಿಚಿತ ಹೇಳಿದ ಮೇಲೆ ನಂಬಿದೆನಲ್ಲ ಎಂದು ಆಟೋದಲ್ಲಿ ಕೂತಷ್ಟು ಹೊತ್ತೂ ಅನ್ನಿಸುತ್ತಿತ್ತು.

ಸೋಮವಾರ ಅರ್ಧ ದಿನ ರಜೆ ಹಾಕಿ ಮತ್ತೆ ಆ ಮೆಟ್ಟಿಲು ಹತ್ತಿದೆ. ಅದೇ ಹುಡುಗಿ. ವಿಡಿಯೊವನ್ನು ಎರಡು ಸಲ ನೋಡಿ ಒಳಗೆ ಹೋದಳು. ಇಪ್ಪತ್ತು ನಿಮಿಷದ ಮೇಲೆ ಬಂದು, "ನಮ್ಮ ಸರ್ ಬೆಂಗಳೂರಿಗೆ ಕಳಸೋಣು ಅಂದ್ರು. ಅಲ್ಲಿ ಚೆಕ್ ಮಾಡಿ ಹೇಳ್ತಾರ," ಎಂದು ಒಂದು ಫಾರಂ ಮುಂದಿಟ್ಟಳು. ಇರುವೆಯಷ್ಟು ಸಣ್ಣ ಇಂಗ್ಲಿಷ್ ಅಕ್ಷರಗಳು.

"ಒಳಗಿಂದೆಲ್ಲ ಹೋಗತೈತ್ರಿ ಮೇಡಮ್. ಬ್ಯಾಕಪ್ ತಗೊಂಡೀರಿಲ್ಲ?"

ಮಧ್ಯಾಹ್ನದ ಮೊದಲ ಪಿರಿಯಡ್ ನನ್ನದಿತ್ತು. ಕಂಪ್ಲಿ ಬಸ್ಸು ಹೊರಡಲು ಹತ್ತು ನಿಮಿಷ ಉಳಿದಿತ್ತು. "ಹ್ಞೂಂ" ಎಂದೆ. ಸಹಿ ಮಾಡಿದೆ. ಅವಳು ಕೇಳಿದ್ದು ನನ್ನ ಕಿವಿಗೆ ಬಿದ್ದಿತ್ತು, ಅರ್ಥವೂ ಆಗಿತ್ತು. ಆದರೂ ಹ್ಞೂಂ ಎಂದೆ. ಮತ್ತೊಂದು ಸಲ ಆ ಮೆಟ್ಟಿಲು ಹತ್ತುವುದನ್ನು ತಪ್ಪಿಸಿಕೊಳ್ಳಬೇಕು ಅನ್ನುವುದಷ್ಟೇ ಆಗ ತಲೆಯಲ್ಲಿದ್ದದ್ದು.

ಮೂರು ವಾರದ ಮೇಲೆ ಟ್ಯಾಬ್ ಬಂತು. ಪರದೆಯಲ್ಲೇ ದೋಷವಿತ್ತು, ಉಚಿತವಾಗಿ ಬದಲಿಸಲಾಗಿದೆ ಎಂದು ಕಾಗದದಲ್ಲಿ ಇತ್ತು. ಕ್ಷಮೆಯ ಮಾತು ಎಲ್ಲೂ ಇರಲಿಲ್ಲ, ನಾನೂ ಹುಡುಕಲಿಲ್ಲ. ಆನ್ ಮಾಡಿದರೆ ಹೊಸ ಸ್ಲೇಟಿನಂತೆ ಖಾಲಿ. ಹೊಸಪೇಟೆ ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತು ಆ್ಯಪ್ ಮತ್ತೆ ಹಾಕಿದೆ. ಸಂಡೂರಿನ ಎರಡು ಬಸ್ಸು ಬಿಟ್ಟು ಮೂರನೆಯದನ್ನು ಹತ್ತಿದೆ.

ಅಕ್ಕ ಟ್ಯಾಬನ್ನು ತೆಗೆದುಕೊಂಡು ಬೆರಳಿನಿಂದ ಮೇಲೆ ಸರಿಸಿದಳು, ಕೆಳಗೆ ಸರಿಸಿದಳು. ನನ್ನ ಮುಖ ನೋಡಿದಳು.

"ಎಲ್ಲಾ ಅಳಿಸಿ ಹೋಗೈತಿ ಅಕ್ಕ. ತಪ್ಪು ನಂದು. ಅವರು ಕೇಳಿದ್ರು, ನಾನ ಹ್ಞೂಂ ಅಂದೆ. ಅವತ್ತು ನಿನ್ನ ಮಾತು ನಂಬಲಿಲ್ಲ, ಅದೂ ತಪ್ಪು."

ಅವಳು ಒತ್ತತೊಡಗಿದಳು. ಟ್ಯಾಬಿನ ದನಿ ಹೇಳಿತು: "ಹೋಗಲಿ ಬಿಡು. ಅಡಿಗೆ ಮನಿ ಮಾತು."

ಅಷ್ಟಕ್ಕೇ ಸುಮ್ಮನಿರಬೇಕಿತ್ತು. ಮನಸ್ಸು ತಡೆಯಲಿಲ್ಲ. "ನಿನ್ನ ದನಿ ಬಗ್ಗೆ ಬರದಿದ್ದೆಲ್ಲ, ಅದು ಹೋಗಬಾರದಿತ್ತು," ಎಂದುಬಿಟ್ಟೆ.

ಅವಳ ಬೆರಳು ನಿಂತಿತು. ಮುಖ ಕೆಂಪೇರಿತು. ತಾನು ಯಾರಿಗೂ ಕೇಳಿಸದಂತೆ ಆಡಿಕೊಂಡದ್ದನ್ನು ತಂಗಿ ಬಾಗಿಲ ಮರೆಯಲ್ಲಿ ನಿಂತು ಕೇಳಿಸಿಕೊಂಡಳು ಎನ್ನುವಂತಿತ್ತು ಆ ನೋಟ. ಒಂದೇ ಮಾತು ಒತ್ತಿದಳು: "ಓದಿದ್ಯಾ?"

"ಒಂದ ಸಾಲು. ಮುಂದಿಂದು ಓದಿಲ್ಲ."

ಅವಳು ನನಗೆ ತಾಟು ಹಾಕಿದಳು. ಎರಡು ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ. ರೊಟ್ಟಿಯವಳು ಅದೂ ಇದೂ ಮಾತಾಡುತ್ತಿದ್ದಳು, ನಾವಿಬ್ಬರೂ ತಲೆಯಾಡಿಸುತ್ತಿದ್ದೆವು.

ಟ್ಯಾಬ್ ಈಗ ಸರಿಯಾಗಿ ನಡೆಯುತ್ತಿದೆ. ಅಕ್ಕನ ಬೆರಳುಗಳು ಚುರುಕಾಗಿವೆ, ಗಿರಾಕಿಗಳ ಜೊತೆ ತಮಾಷೆಯನ್ನೂ ಮಾಡುತ್ತಾಳಂತೆ. ತಿಂಗಳಿಗೆ ಎರಡು ಸಲ ಹೋಗುತ್ತೇನೆ. ನನ್ನ ಜೊತೆಗೂ ಚೆನ್ನಾಗಿಯೇ ಇದ್ದಾಳೆ. ಆದರೆ ಈಗ ಅವಳು ಆಡಿದ ಮಾತನ್ನು ಆಡಿದ ಕೂಡಲೇ ಅಳಿಸಿಬಿಡುತ್ತಾಳೆ. ದನಿ ನಿಲ್ಲುವ ಮುಂಚೆಯೇ ಅವಳ ಹೆಬ್ಬೆರಳು ಅಳಿಸುವ ಗುಂಡಿಯ ಮೇಲೆ ಇರುತ್ತದೆ. ಆ ಏಳೆಂಟು ಸಾಲುಗಳಲ್ಲಿ ಏನಿತ್ತು ಎಂದು ನಾನು ಕೇಳಿಲ್ಲ.